ಹತ್ತಕ್ಕೆ ನಾಲ್ಕು

ಟೊಲೀಡೊ ಊರಿನ ಪೂರ್ವಕ್ಕೆ, ರೈಲುಹಳಿಯ ಈಚೆ
ಕೆಂಪಿಟ್ಟಿಗೆಯ ಸರಕಾರಿ ಸಾಲಿ. ಅಂಕ: ಹತ್ತಕ್ಕೆ ನಾಲ್ಕು.
ಹಳಿಯ ಆಚೆಯದಕ್ಕೆ ಒಂಬತ್ತು.
ಮನೆ ತೋರಿಸುವ ಬ್ರೆಂಡನ್ ಬಾಯಿ ಬಿಟ್ಟು ಏನೂ ಅನ್ನಲಿಲ್ಲ,
ಅನ್ನಬಾರದಂತೆ, ಕಾನೂನು. ಬರೀ ಹುಬ್ಬೇರಿಸಿದ.
ಆ ಹುಬ್ಬಿನ ಬೆಲೆ ಎಂಬತ್ತು ಸಾವಿರ ಡಾಲರು.

ನಾನು ಆಸ್ಪತ್ರೆಯಲ್ಲಿ ರಕ್ತ ಎಳೆಯುವವಳು.
ಅಂಕಿಗಳ ಮೇಲೆ ನನಗೆ ಮುನಿಸಿಲ್ಲ.
ಸಕ್ಕರೆ ಇನ್ನೂರೆಂದರೆ ಇನ್ನೂರೇ;
ಆದರೆ ಆ ಮನುಷ್ಯ ನಿನ್ನೆ ಯಾರ ಮದುವೆಯಲ್ಲಿ ಉಂಡ
ಎಂದು ಸೀಸೆ ಹೇಳುವುದಿಲ್ಲ.

ಬುಧವಾರ ರಜೆ ಹಾಕಿ ನೋಡಲು ಹೋದೆ,
ಪರ್ಸಿನಲ್ಲಿ ಹದಿನಾಲ್ಕು ಪ್ರಶ್ನೆಗಳ ಚೀಟಿ.

ಮೊದಲು ನೋಡಿದ್ದು ಕಕ್ಕಸು.
(ಹೆಣ್ಣು ಕೊಡುವ ಮೊದಲು ಅವ್ವ
ಬೀಗರ ಬಚ್ಚಲು ನೋಡಿ ಬರುತ್ತಿದ್ದಳಲ್ಲ, ಹಾಗೆ.)
ಬಾಗಿಲಿಗೆ ಚಿಲಕವಿತ್ತು. ಸಾಬೂನಿತ್ತು.
ಗೋಡೆಯ ಮೇಲಿನ ಬೈಗುಳದಲ್ಲಿ ಒಂದಕ್ಷರ ತಪ್ಪಿತ್ತು,
ಅದನ್ನು ಇನ್ಯಾರೋ ಪೆನ್ಸಿಲಿನಲ್ಲಿ ತಿದ್ದಿದ್ದರು.

ಲೈಬ್ರರಿಯಲ್ಲಿ ತಿಮಿಂಗಿಲದ ಪುಸ್ತಕಕ್ಕೆ ಬೆನ್ನೇ ಇಲ್ಲ,
ಓದಿ ಓದಿ ಮುರಿದದ್ದು, ಟೇಪು ಸುತ್ತಿ ನಿಲ್ಲಿಸಿದ್ದಾರೆ:
ನನ್ನ ಲೆಕ್ಕದಲ್ಲಿ ಎರಡಂಕ ಜಾಸ್ತಿ.
ಪಕ್ಕದ ಕೋಣೆಯ ಸೂರು ಸೋರಿ ಕೆಳಗೊಂದು ಬಕೆಟ್ಟು:
ಎರಡಂಕ ಕಡಿಮೆ. ಮತ್ತೆ ನಾಲ್ಕಕ್ಕೇ ಬಂದು ನಿಂತೆ.
ಕಳೆದುಹೋದ ಸಾಮಾನಿನ ಡಬ್ಬಿಯಲ್ಲಿ
ಜೋಡಿಯಿಲ್ಲದ ಕೈಗವುಸು ಹನ್ನೊಂದು,
ಎಡಗೈಯವೇ ಹೆಚ್ಚು. ಏಕೋ.

ದಾರಿ ತೋರಿಸಿದವಳು ಮೂರನೇ ಇಯತ್ತೆಯ ಅಮೋರಾ.
"ನಿಮ್ಮ ಮಿಸ್ ಹೇಗೆ?" ಎಂದೆ.
ನಿಂತು ಯೋಚಿಸಿದಳು.
"ನಾನು ಸುಳ್ಳು ಹೇಳ್ತಿದ್ದರೆ ಅವರಿಗೆ ಗೊತ್ತಾಗುತ್ತೆ,
ಆದರೂ ಪೂರ್ತಿ ಕೇಳ್ತಾರೆ."
ಚೀಟಿಯಲ್ಲಿ ಇದಕ್ಕೆ ಜಾಗವಿರಲಿಲ್ಲ; ಅಂಚಿನಲ್ಲಿ ಬರೆದುಕೊಂಡೆ.

ಹೆಡ್‌ಮೇಡಂ ಕಚ್‌ಮಾರೆಕ್ ಹದಿನಾಲ್ಕಕ್ಕೂ ಉತ್ತರಿಸಿದರು.
ನಡುವೆ ಎದ್ದು, ಒಳಗೆ ಬಂದ ಹುಡುಗನೊಬ್ಬನ
ಅಲುಗುವ ಹಲ್ಲು ನೋಡಿ "ನಾಳೆ" ಎಂದು ಕಳಿಸಿದರು.
ಹದಿನೈದನೆಯದು ನಾನು ಬರೆದುಕೊಂಡದ್ದಲ್ಲ,
ಬಾಯಿಗೆ ಹೇಗೆ ಬಂತೋ:
"ಪರೀಕ್ಷೆಯ ದಿನ, ಓದಲು ಬಾರದವರನ್ನು ಎಲ್ಲಿ ಇಡುತ್ತೀರಿ?"

ಕುಕನೂರಿನ ಹತ್ತಿರ ನಮ್ಮೂರ ಸಾಲಿಗೆ
ಸಾಹೇಬರು ತಪಾಸಣೆಗೆ ಬರುವ ದಿನ
ಬಸವಂತಪ್ಪ ಮಾಸ್ತರರು ಮೂವರನ್ನು ಹೊರಗೆ ಕರೆದು
ತಮ್ಮ ಎಮ್ಮೆ ಮೇಯಿಸಲು ಕಳಿಸುತ್ತಿದ್ದರು.
ನಾನು, ದುರಗಪ್ಪ, ಮೌಲಾಬಿ.
ಬೈಯುತ್ತಿರಲಿಲ್ಲ. ರೊಟ್ಟಿಗೆ ಬೆಲ್ಲ ಕಟ್ಟಿ ಕೊಡುತ್ತಿದ್ದರು.
ಹಳ್ಳದ ದಂಡೆಗೆ ಕೂತರೆ ಸಾಲಿಯ ಪದ್ಯ ತೇಲಿ ಬರುತ್ತಿತ್ತು,
ನಮ್ಮ ಮೂರು ದನಿ ಇಲ್ಲದೆ
ಎಷ್ಟು ಚಂದ ಕೇಳುತ್ತಿತ್ತು.
ಆ ವರ್ಷ ಸಾಲಿಗೆ 'ಉತ್ತಮ' ಬಂತು. ಪೇಢೆ ಹಂಚಿದರು.
ನನಗೂ ಒಂದು. ಸಿಹಿಯಾಗಿಯೇ ಇತ್ತು, ಸುಳ್ಳೇಕೆ.

ಮೇಡಂಗೆ ಪ್ರಶ್ನೆ ತಿಳಿಯಲಿಲ್ಲ.
"ಎಲ್ಲಿ ಅಂದರೆ? ಅವರವರ ಕುರ್ಚಿಯಲ್ಲಿ."
ಆಮೇಲೆ ತಿಳಿಯಿತೇನೋ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.
"ಹೋದ ವರ್ಷ ಆರು ಮಕ್ಕಳು ಬಂದರು, ಯುದ್ಧದ ಊರಿನವರು.
ಇಂಗ್ಲಿಷಿನ ಒಂದಕ್ಷರವಿಲ್ಲ. ಅವರೂ ಕೂತರು.
ಒಬ್ಬಳು ಕಚ್ಚಾ ಹಾಳೆಯ ತುಂಬ ಕುದುರೆ ಬರೆದಳು.
ಒಳ್ಳೆಯ ಕುದುರೆ."
ಕಪಾಟಿನ ಬಾಗಿಲ ಮೇಲೆ ಅದು ಇನ್ನೂ ಓಡುತ್ತಿತ್ತು,
ಒಂದು ಕಾಲು ಹಾಳೆಯ ಹೊರಗೆ.

ವಾಪಸು ಬರುವಾಗ ಬಕೆಟ್ಟಿಗೆ ಹನಿ ಬೀಳುತ್ತಲೇ ಇತ್ತು.
ಸೋರುವುದನ್ನು ನಾನು ಮನ್ನಿಸಿಲ್ಲ, ಈಗಲೂ ಇಲ್ಲ.

ಗೇಟು ಬಿದ್ದಿತ್ತು. ಗೂಡ್ಸು ಗಾಡಿ ಬರುವ ಹೊತ್ತಿಗೆ ಗಂಡನ ಫೋನು:
"ಹೆಂಗೈತಿ? ನಾಲ್ಕೇ ಏನು?"
"ಸೂರು ಸೋರತೈತಿ" ಎಂದೆ.
"ಮತ್ತೆ?"
"ಅವರ ಹತ್ತಿರ ಎಮ್ಮೆ ಇಲ್ಲ."
"ಏನು? ಏನಿಲ್ಲ?"
ಡಬ್ಬಿಯ ಹಿಂದೆ ಡಬ್ಬಿ ಹಾಯತೊಡಗಿದವು,
ನನ್ನ ದನಿ ನನಗೇ ಕೇಳಿಸದಷ್ಟು ಸದ್ದು.
ಆದರೂ ಹೇಳುತ್ತಲೇ ಇದ್ದೆ.